ಎಲ್ಲವೂ ಸಮಸಂಖ್ಯೆ

‘ಅಸಂಬದ್ಧ’ ಎಂಬ ಪದವನ್ನು ಮೇಷ್ಟ್ರು ಹೊಡೆದುಹಾಕಿ ‘ಅಸ್ಪಷ್ಟ’ ಎಂದು ಬರೆಯುತ್ತಾರೆ. ಅದೂ ಒಪ್ಪಿಗೆಯಾಗದೆ ‘ನನಗೆ ಅರ್ಥವಾಗಲಿಲ್ಲ’ ಎಂದು ತಿದ್ದುತ್ತಾರೆ. ಕಿಟಕಿಯಾಚೆ ಇನ್ನೂ ನಸುಕು. ಕಾಲೇಜಿನ ಬೀಜ ಪ್ರಯೋಗಾಲಯದಲ್ಲಿ ಉರಿಯುತ್ತಿರುವುದು ಮೇಷ್ಟ್ರ ಮೇಜಿನ ದೀಪ ಒಂದೇ.

ಇವರು ಪರಾಮರ್ಶಕರು. ಸಂಶೋಧನಾ ಪತ್ರಿಕೆಗೆ ಯಾರೋ ಕಳಿಸಿದ ಲೇಖನ, ಬರೆದವರ ಹೆಸರು ಮುಚ್ಚಿಕೊಂಡು, ಇವರಂಥ ಇಬ್ಬರ ಕೈಗೆ ಬರುತ್ತದೆ. ಅಚ್ಚಿಗೆ ತಕ್ಕದ್ದೋ ಅಲ್ಲವೋ ಇವರು ಹೇಳಬೇಕು. ಇವರು ಬರೆದ ಅಭಿಪ್ರಾಯ ಮಾತ್ರ ಲೇಖಕರಿಗೆ ಹೋಗುತ್ತದೆ, ಇವರ ಹೆಸರೂ ಅತ್ತ ಕಡೆಗೆ ತಿಳಿಯುವುದಿಲ್ಲ. ಇಪ್ಪತ್ತೆರಡು ವರ್ಷ, ಮುನ್ನೂರ ನಲವತ್ತು ಲೇಖನ, ಒಂದೊಂದಕ್ಕೆ ಐದಾರು ಬೆಳಗು.

“ಸಾರಿಗೆ ಉಪ್ಪು ಕಮ್ಮಿ ಅಂತ ಬಾಯಲ್ಲಿ ಹೇಳಲ್ಲ ಇವರು. ಒಂದನೇದು, ಎರಡನೇದು ಅಂತ ನಂಬರ್ ಹಾಕ್ತಾರೆ,” ಎಂದು ಮನೆಯಾಕೆ ನಗುತ್ತಾರೆ.

ಒಂದೇ ಲೇಖನಕ್ಕೆ ಒಬ್ಬರು ಬೆನ್ನು ತಟ್ಟಿದರೆ ಇನ್ನೊಬ್ಬರು ಬೆನ್ನು ಮುರಿಯುವುದೇಕೆ? ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತಾರೆ. “ಅತ್ತೆ ಕೈಲಿ ಪಾಡುಪಟ್ಟ ಸೊಸೆಗೆ, ತಾನೇ ಅತ್ತೆ ಆದಾಗ ಎರಡೇ ದಾರಿ. ಅಯ್ಯೋ ಪಾಪ ಅಂತಾಳೆ, ಇಲ್ಲಾ ಸೇರಿಗೆ ಸವ್ವಾಸೇರು ಅಂತ ನಿಲ್ತಾಳೆ. ನಮ್ಮದೂ ಅಷ್ಟೇ. ಕೆಲವರಿಗೆ ಪುರುಸೊತ್ತೇ ಇರಲ್ಲ. ಹೆಸರು ಕಾಣಲ್ಲ ಅಂದ್ರೆ ಕೈಗೆ ಎಲ್ಲಿಲ್ಲದ ಧೈರ್ಯ ಬೇರೆ.” ತುಸು ತಡೆದು, “ನಾನು ಎರಡನೇ ಥರದ ಅತ್ತೆ,” ಎನ್ನುತ್ತಾರೆ.

ನಾಲ್ಕು ವರ್ಷದ ಹಿಂದೆ, ಅವರ ಸ್ವಂತ ಲೇಖನವೊಂದು ಛೀಮಾರಿ ಹಾಕಿಸಿಕೊಂಡು ವಾಪಸಾದ ದಿನವೇ, ಬೀಜ ಮೊಳೆಯುವುದರ ಬಗ್ಗೆ ಒಂದು ಲೇಖನ ಬಂತು. ಕೋಷ್ಟಕದಲ್ಲಿ ಶೇಕಡ 64, 72, 58, 86. ಹೆಸರಿಗೂ ಒಂದು ಬೆಸಸಂಖ್ಯೆಯಿಲ್ಲ. ಕೂತಲ್ಲೇ ಹೊಸೆದ ಅಂಕಿ ಎಂದು ತೀರ್ಮಾನಿಸಿ ಬರೆದರು: ‘ಎಲ್ಲವೂ ಸಮಸಂಖ್ಯೆ. ಈ ಬೀಜಗಳು ಜೋಡಿಯಾಗಿಯೇ ಮೊಳೆಯುತ್ತವೆಯೇ? ಎಣಿಸಲು ಬಾರದವರು ಬೇರೆ ಕೆಲಸ ನೋಡಿಕೊಳ್ಳಲಿ.’ ಬರೆದು, ತಮ್ಮ ಜಾಣತನಕ್ಕೆ ತಾವೇ ನಕ್ಕರು. ಇನ್ನೊಬ್ಬ ಪರಾಮರ್ಶಕರು ಎರಡು ಪುಟ ಸಲಹೆ ಕೊಟ್ಟು, ಅಚ್ಚು ಹಾಕಿ ಎಂದಿದ್ದರಂತೆ. ಸಂಪಾದಕರು ಜೋರು ದನಿಯನ್ನೇ ನಂಬಿದರು.

ಕಳೆದ ವಾರ ಅಳತೆಯ ಜಾಡಿ ಹುಡುಕುತ್ತಾ ಗಾಜಿನ ಸಾಮಾನಿನ ಬೀರು ತೆರೆದರೆ, ಬಾಗಿಲ ಒಳಮೈಗೆ ಒಂದು ಹಾಳೆ ಅಂಟಿತ್ತು. ತಮ್ಮದೇ ವಾಕ್ಯಗಳು. ಪಕ್ಕದಲ್ಲಿ ಅದೇ ಕೋಷ್ಟಕ. ಕೆಳಗಿನ ಸಣ್ಣಕ್ಷರದ ಅಡಿಟಿಪ್ಪಣಿಗೆ ಪೆನ್ಸಿಲಿನ ಗೆರೆ: ‘ಪ್ರತಿ ತಟ್ಟೆಗೆ ಐವತ್ತು ಬೀಜ.’ ಐವತ್ತರಲ್ಲಿ ಒಂದು ಬೀಜವೆಂದರೆ ಶೇಕಡ ಎರಡು. ಬೆಸಸಂಖ್ಯೆ ಬರುವುದಾದರೂ ಎಲ್ಲಿಂದ? ಅಂದು ಅವರು ಅಡಿಟಿಪ್ಪಣಿ ಓದಿಯೇ ಇರಲಿಲ್ಲ.

ಆ ಬೀರು ಗಾಜಿನಕ್ಕನದು. ಬೀಕರು ತೊಳೆದು, ತಟ್ಟೆ ಜೋಡಿಸಿ, ಬೀಜ ಎಣಿಸುವ ಸಹಾಯಕಿಗೆ ವಿದ್ಯಾರ್ಥಿಗಳಿಟ್ಟ ಹೆಸರದು. ಬೇರೆ ಕಾಲೇಜಿನಿಂದ ಇಲ್ಲಿಗೆ ಬಂದು ಎರಡು ವರ್ಷ. ಆ ಲೇಖನ ಆಕೆ ಅಲ್ಲಿದ್ದಾಗ ಬರೆದದ್ದು. ಅದರ ನಂತರ ಆಕೆ ಒಂದಕ್ಷರ ಬರೆದಿಲ್ಲ.

“ಎರಡು ವರ್ಷದಿಂದ ಆಕೆ ಎಣಿಸಿದ್ದನ್ನ ಕಣ್ಣುಮುಚ್ಚಿ ನಂಬ್ಕೊಂಡು ನಾನು ಪೇಪರ್ ಬರೀತಿದೀನಿ,” ಎನ್ನುವಾಗ ಮೇಷ್ಟ್ರು ತಲೆಯೆತ್ತುವುದಿಲ್ಲ. “ವಾರದಿಂದ ಮುಖ ಕೊಟ್ಟು ಮಾತಾಡೋಕೆ ಆಗಿಲ್ಲ. ಇವತ್ತು ಹೇಳ್ಲೇಬೇಕು.”

ಏಳಕ್ಕೆ ಬಾಗಿಲು ತೆರೆಯುತ್ತದೆ. ಎರಡೂ ಕೈತುಂಬ ತಟ್ಟೆ ಹಿಡಿದು ಗಾಜಿನಕ್ಕ ಒಳಬರುತ್ತಾರೆ.

“ಏನ್ ಸಾರ್, ಇಷ್ಟು ಬೇಗ? ಅಮ್ಮಾವ್ರು ಮನೆಯಿಂದ ಓಡಿಸಿದ್ರಾ?”

ಮೇಷ್ಟ್ರು ಎದ್ದು ನಿಲ್ಲುತ್ತಾರೆ. “ಬೀರು ಬಾಗಿಲಿಗೆ ಅಂಟ್ಸಿದೀಯಲ್ಲಮ್ಮ, ಅದನ್ನ ಬರೆದೋನು ನಾನು.”

ಆಕೆ ತಟ್ಟೆಗಳನ್ನು ಸದ್ದಾಗದಂತೆ ಕೆಳಗಿಡುತ್ತಾರೆ. “ಜೋಡಿ ಮೊಳಕೆ... ನೀವಾ?”

“ನಾನೇ. ಅಡಿಟಿಪ್ಪಣಿ ಓದ್ಲಿಲ್ಲ. ತಪ್ಪಾಯ್ತು. ಸಂಪಾದಕರಿಗೆ ಕಾಗದ ಬರೆದಿಟ್ಟಿದೀನಿ, ನನ್ನ ಹೆಸರು ಹಾಕಿ. ನಿನ್ನ ಪೇಪರ್ ಕೊಡು, ಈ ಸಲ ಅಚ್ಚಾಗೋ ಹಾಗೆ ನಾನು ನೋಡ್ಕೋತೀನಿ.”

“ನೀವು ಹೇಳಿದ್ಮೇಲೆ ಅದು ಸರಿ ಆಗುತ್ತಾ ಸಾರ್? ಅವತ್ತೂ ಸರಿಯಾಗೇ ಇತ್ತು.”

“ಹಾಗಲ್ಲಮ್ಮ. ಕೊಡು.”

“ಕೊಡಲ್ಲ,” ಎನ್ನುತ್ತಾರೆ ಗಾಜಿನಕ್ಕ.