ಕಾಕಾನ ಲಂಗೋಟಿಯ ಬಣ್ಣ

ಸಾಬೂನು ಬದಲಿಸಿದ್ದು ಇದು ಮೂರನೆಯ ಸಲ. ಈ ಸಲದ್ದು ಬೇವಿನದು. ಮೈಯಲ್ಲಿ, ಯಾರಿಗೂ ತೋರಿಸಲಾಗದ ಜಾಗದಲ್ಲಿ ಒಂದು ಕೆಂಪು ಕಲೆ ಎದ್ದಿದೆ. ತಪ್ಪು ಸಾಬೂನಿನದೇ ಎಂದು ನಾನು ತೀರ್ಪು ಕೊಟ್ಟುಬಿಟ್ಟಿದ್ದೇನೆ. ನಗಬೇಡಿ, ನೀವೂ ಹೀಗೆ ಯಾವುದರ ಮೇಲೋ ತಪ್ಪು ಹೊರಿಸಿ ನೆಮ್ಮದಿಯಾಗಿ ಇದ್ದವರೇ ಇರಬೇಕು. ಇವತ್ತು ಹೊಸ ಸಾಬೂನಿನ ಕಾಗದ ಬಿಚ್ಚಿದಾಗ ಬೇವಿನ ವಾಸನೆ ಬಂತು. ಅದರ ಹಿಂದೆಯೇ ನಮ್ಮ ಕಾಕಾ ನೆನಪಾದ.

ಕಾಕಾ ಶಿಗ್ಗಾಂವಿಯ ಪೈಲವಾನ. ಅರವತ್ತರ ದಶಕದ ಮಾತು. ನಾನಾಗ ಹೊಸದಾಗಿ ಸಾಲಿ ಮಾಸ್ತರನಾಗಿದ್ದೆ. ಗರಡಿಯವರು ತರಚುಗಾಯಕ್ಕೆ ಬೇವಿನೆಣ್ಣೆ ಹಚ್ಚುತ್ತಿದ್ದರು. ಕಾಕಾ ಬರುವ ಮೊದಲೇ ಆ ವಾಸನೆ ಒಳಗೆ ಬರುತ್ತಿತ್ತು. ಒಮ್ಮೆ ಆತನಿಗೂ ನನ್ನಂತೆಯೇ ಮರೆಯ ಜಾಗದಲ್ಲಿ ಒಂದು ಕೆಂಪು ಕಲೆ ಎದ್ದು, ಆಗಾಗ ರಕ್ತ ಜಿನುಗುತ್ತಿತ್ತು. ಪೈಲವಾನನ ಲಂಗೋಟಿಯನ್ನು ಹೆಂಗಸರು ಮುಟ್ಟಬಾರದೆಂಬುದು ಆ ಗರಡಿಯ ಕಟ್ಟಳೆ. ಅದನ್ನು ಆತನೇ ಒಗೆದು ಗರಡಿಯ ಹಿಂದೆ ಒಣಗಿಸಬೇಕು. ಮನೆಯೊಳಗೆ ಒಂದು ಸಾಸಿವೆ ಉರುಳಿದರೂ ಪತ್ತೆ ಹಚ್ಚುವ ಆತನ ಹೆಂಡತಿಗೆ, ಅಂದರೆ ನಮ್ಮ ಕಾಕೂಗೆ, ಲಂಗೋಟಿಯ ಮೇಲಿನ ರಕ್ತದ ಚುಕ್ಕೆ ಕಾಣದೆ ಹೋದದ್ದು ಹೀಗೆ.

ಲಂಗೋಟಿ ಕೆಂಪು. ಅದರ ಬಣ್ಣವೇ ಮೈಗೆ ಕಚ್ಚಿದೆ ಎಂದು ಕಾಕಾ ಗಟ್ಟಿ ಮಾಡಿಕೊಂಡ. ಬಿಳಿ ಬಟ್ಟೆ ತಂದ, ಕಲೆ ಹೋಗಲಿಲ್ಲ. ಸಿಟ್ಟು ನೆತ್ತಿಗೇರಿ, ನನ್ನನ್ನು ಸಾಕ್ಷಿಗೆಂದು ಕರೆದುಕೊಂಡು ಸವಣೂರಿನ ಬಟ್ಟೆ ಅಂಗಡಿಗೆ ಜಗಳಕ್ಕೆ ಹೊರಟ. ಯಾವುದರ ಸಾಕ್ಷಿಯೆಂದು ಮಾತ್ರ ಹೇಳಲಿಲ್ಲ.

"ಸಾಹೇಬ್ರ, ನಿಮ್ಮ ಬಣ್ಣ ನನ್ನ ಮೈ ಕೆಡಿಸೇತ್ರಿ!"

ಅಂಗಡಿಯ ಸಾಹೇಬರು ಗಜಕಡ್ಡಿ ಕೆಳಗಿಟ್ಟರು. "ಎಲ್ಲಿ, ತೋರಸ್ರಿ ಪೈಲವಾನ್ರ."

ಊರೂರಿನ ಪೈಲವಾನರನ್ನು ಚಿತ್ ಮಾಡಿದ್ದ ಕಾಕಾ ತಲೆ ತಗ್ಗಿಸಿ ನಿಂತ. ಸಾಹೇಬರಿಗೆ ಅರ್ಥವಾಯಿತು, ನನಗೂ. ಆದರೆ ಅವರು ತಮ್ಮ ಬಣ್ಣದ ಮಾನ ಬಿಟ್ಟುಕೊಡುವವರಲ್ಲ.

"ಹೋಳಿ ಹುಣ್ಣಿವಿ ಮುಂದ ಬಿಳಿ ಬಟ್ಟಿ ಒಯ್ದೀರಿ. ಈಗ ಮಳಿ ಹಿಡದೈತಿ. ನನ್ನ ಬಣ್ಣ ಆಗಿದ್ರ ಇಷ್ಟೊತ್ತಿಗೆ ಹೋಗಬೇಕಿತ್ತು. ಹೋಗಿಲ್ಲಂದ್ರ ಅದು ಬಟ್ಟಿದಲ್ರಿ, ಮೈಯಾಂದು. ನನ್ನ ಕೂಡ ಆಮ್ಯಾಗ ಜಗಳಾಡ್ರಿ, ಮೊದಲ ದವಾಖಾನಿಗೆ ಹೋಗ್ರಿ."

ಹುಬ್ಬಳ್ಳಿಯ ಡಾಕ್ಟರು ಕಲೆ ನೋಡಿ, "ಯಾಕ್ರಿ ಇಷ್ಟು ದಿನಾ ಬರಲಿಲ್ಲ?" ಎಂದರು.

"ನೋವಿರಲಿಲ್ರಿ."

"ಅದಕ್ಕ ಅಂಜಬೇಕ್ರಿ. ನೋವೂ ಇಲ್ಲ, ಮಾಯೋದೂ ಇಲ್ಲ."

ಚರ್ಮದ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವ ತನಕ ಕಾಕಾ ಗರಡಿಯ ಕಡೆ ತಲೆಹಾಕಲಿಲ್ಲ. ರೊಟ್ಟಿ ಮುರಿದು ಮುರಿದು ತಾಟಿನಲ್ಲೇ ಬಿಡುತ್ತಿದ್ದ. ಒಂದು ದಿನ ನನ್ನ ಕೈ ಹಿಡಿದು, "ಸತ್ರ ಸಾಯ್ತೇನಿ. ಎದರಿಂದ ಸತ್ತ ಅಂತ ಮಂದಿ ಕೇಳಿದ್ರ ನಿಮ್ಮ ಕಾಕು ಏನಂತ ಹೇಳಬೇಕೋ?" ಎಂದ. ನನಗೆ ನಗುವೂ ಬಂತು, ಅಳುವೂ ಬಂತು.

ಅದು ಇನ್ನೂ ಕ್ಯಾನ್ಸರ್ ಆಗಿರಲಿಲ್ಲ. ಹಾಗೇ ಬಿಟ್ಟಿದ್ದರೆ ಆಗುವ ಹಾದಿಯಲ್ಲಿತ್ತು. ಮುಂದೊಗಲಷ್ಟನ್ನೇ ಕತ್ತರಿಸಿ ತೆಗೆದು ಕಾಕಾನನ್ನು ಮನೆಗೆ ಕಳಿಸಿದರು. ಅದರ ಜೊತೆಗೆ ಆತನ ನಾಚಿಕೆಯನ್ನೂ ತೆಗೆದಿರಬೇಕು. ಮುಂದೆ ದಿನಾ ಕುಸ್ತಿಗೆ ಮೊದಲು ಗರಡಿಯ ಒಬ್ಬೊಬ್ಬನನ್ನೂ ನಿಲ್ಲಿಸಿ, ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ: "ಲಂಗೋಟಿ ಒಳಗ ಎಲ್ಲಾ ಆರಾಮೇನಲೇ?" ಕಟ್ಟುಮಸ್ತಾದ ಪೈಲವಾನರು ಮದುವಣಗಿತ್ತಿಯರಂತೆ ನಾಚುತ್ತಿದ್ದರು.

ಸಾಬೂನನ್ನು ಮತ್ತೆ ಕಾಗದದಲ್ಲಿ ಸುತ್ತಿಟ್ಟು ದವಾಖಾನೆಗೆ ನಡೆದೆ. ನಮ್ಮ ಡಾಕ್ಟರು ಹೆಣ್ಣುಮಗಳು, ನನ್ನ ಮೊಮ್ಮಗಳ ವಾರಿಗೆಯವಳು. ಬಿ.ಪಿ. ನೋಡಿ, "ಮತ್ತೇನಾರ ತ್ರಾಸ ಐತೇನ್ರಿ ಅಜ್ಜಾ?" ಎಂದಳು. ಪ್ರತಿ ಸಲ ಏನಿಲ್ಲವೆಂದು ಎದ್ದುಬಿಡುವವನು ಇವತ್ತು ಕುರ್ಚಿಯಲ್ಲೇ ಗಟ್ಟಿಯಾಗಿ ಕುಳಿತೆ.

"ಐತೆವ್ವಾ," ಎಂದೆ. "ಲಂಗೋಟಿ ಒಳಗ ಆರಾಮಿಲ್ಲ."