ಸಿಂಧು ಕಲಿಸಿದ ಆಟ

ಮೊನ್ನೆ ವಿಜಯನಗರದಲ್ಲಿ ಮೆಟ್ರೊ ಹತ್ತಿ ಕುಳಿತರೆ, ಪಕ್ಕದ ಕಾಲೇಜು ಹುಡುಗಿಯ ಫೋನಿನಿಂದ ವಿಮಾನದ ಮೊರೆತ, ಆಮೇಲೆ ಪ್ಯಾರಾಚೂಟು ಬಿಚ್ಚಿಕೊಳ್ಳುವ ಸದ್ದು. ನನ್ನ ಹೆಬ್ಬೆರಳುಗಳು ತಾವಾಗಿಯೇ ಅಲುಗಾಡಿದವು. ನಗಬೇಡಿ. ಗಣಿತದ ಟೀಚರಾದ ನಾನು ಆ ಫೋನಿನ ಆಟದಲ್ಲಿ ಸತ್ತಷ್ಟು ಸಲ ಯಾರೂ ಸತ್ತಿರಲಾರರು.

ಕೆಲವು ವರ್ಷಗಳ ಹಿಂದೆ ನನ್ನ ಗಂಟಲಿಗೆ ಆಪರೇಷನ್ ಆಯಿತು. ಗಾಯ ಮಾಗಿತು, ಡಾಕ್ಟರು "ಇನ್ನು ಮಾತಾಡಿ" ಎಂದರು. ಬಾಯಿ ತೆರೆದರೆ ಒಡೆದ ಪೀಪಿಯಂಥ ಸದ್ದು. ಕೊನೆಯ ಬೆಂಚನ್ನು ಮುಟ್ಟುತ್ತಿದ್ದ ದನಿ ಇದೇನಾ ಎಂದು ನಾಚಿಕೆಯಾಗಿ ಬಾಯಿ ಮುಚ್ಚಿಕೊಂಡೆ. ತರಕಾರಿ ಗಾಡಿಯವನಿಗೂ ಸನ್ನೆಯೇ. ರಜೆ ಮುಗಿಯುತ್ತ ಬಂದರೂ ಶಾಲೆಗೆ ಹೋಗುವ ಧೈರ್ಯವಿರಲಿಲ್ಲ.

ಬಸವೇಶ್ವರನಗರದ ನಮ್ಮ ಮನೆಯಲ್ಲಿದ್ದುಕೊಂಡು ನಾಗರಬಾವಿಯಲ್ಲಿ ಕಾನೂನು ಓದುತ್ತಿದ್ದ ಅಣ್ಣನ ಮಗಳು ಸಿಂಧು ಒಂದು ದಿನ ನನ್ನ ಕೈಗೆ ಫೋನು ತುರುಕಿದಳು.

"ಅತ್ತೆ, ಇದಕ್ಕೆ ಮಾತೇ ಬೇಡ. ನೂರು ಜನ ಒಂದು ದ್ವೀಪಕ್ಕೆ ಹಾರ್ತಾರೆ, ಕೊನೇವರೆಗೂ ಉಳಿದೋರು ಗೆದ್ದ ಹಾಗೆ. ಅಷ್ಟೇ."

ನಾನು ಇಳಿದದ್ದು ದೊಡ್ಡ ಪೇಟೆಯ ನಡುವಿಗೆ. ಅಂಗಡಿಗಳಿದ್ದಲ್ಲಿ ಸಾಮಾನು ಹೆಚ್ಚು ಎಂಬ, ರಾಜಾಜಿನಗರದಲ್ಲಿ ಸೀರೆ ಕೊಳ್ಳುವವಳ ಬುದ್ಧಿ. ನೆಲ ಮುಟ್ಟುವಷ್ಟರಲ್ಲಿ ಸತ್ತೆ.

"ಎಲ್ಲರೂ ಇಳಿಯೋ ಕಡೆ ಇಳೀಬಾರ್ದು. ಮೂಲೇಲಿ ಇಳೀರಿ, ಮೊದ್ಲು ಹೆಲ್ಮೆಟ್ಟು, ಆಮೇಲೆ ಬಂದೂಕು."

ಮತ್ತೊಮ್ಮೆ ವಾಕಿಂಗ್ ಹೊರಟವಳಂತೆ ಬಯಲಿನಲ್ಲಿ ನಡೆದು ಸತ್ತೆ. ಆಮೇಲೆ ಒಂದು ಮನೆ ಹೊಕ್ಕು ಬಾಗಿಲು ಹಾಕಿ ಕುಳಿತುಬಿಟ್ಟೆ. ಆ ಆಟದಲ್ಲೊಂದು ವೃತ್ತವಿದೆ; ಅದು ಕಿರಿದಾಗುತ್ತ ಹೋಗುತ್ತದೆ, ಹೊರಗುಳಿದವರ ಜೀವ ಸೋರುತ್ತದೆ. ನಾನಿದ್ದ ಮನೆ ಹೊರಗುಳಿಯಿತು.

"ಅಡಗಿ ಕೂತ್ರೆ ಉಳಿಯಲ್ಲ ಅತ್ತೆ, ಒಳಗೆ ಬರ್ಲೇಬೇಕು," ಎಂದಳು. ಆಟದ ಬಗ್ಗೆಯೇ ಹೇಳಿದಳೋ ಏನೋ. ನಾನಂತೂ ಫೋನಿನಿಂದ ತಲೆಯೆತ್ತಿ ಅವಳ ಮುಖ ನೋಡಿದೆ.

ಆಮೇಲೆ ದಿನಾ ಸಂಜೆಯ ಕಾಫಿ ಮುಗಿಸಿ ಜೋಡಿಯಾಗಿ ಆಡತೊಡಗಿದೆವು. ಹೇಳಬೇಕಾದ್ದನ್ನು ನಾನು ನಕ್ಷೆಯ ಮೇಲೆ ಗುರುತು ಒತ್ತಿ ತೋರಿಸುತ್ತಿದ್ದೆ. ಒಂದು ಸಂಜೆ ನಾವಿಬ್ಬರು ಮತ್ತು ಒಬ್ಬ ಶತ್ರು, ಅಷ್ಟೇ ಉಳಿದೆವು. ಸಿಂಧು ಬಂಡೆಯ ಮರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದಳು. ಅವಳ ಬೆನ್ನ ಹಿಂದೆ ಹುಲ್ಲು ಅಲುಗಿತು. ಗುರುತು ಒತ್ತಲು ಸಮಯವಿರಲಿಲ್ಲ.

"ಸಿಂಧೂ, ಹಿಂದೆ ಕಣೇ!"

ಅವಳು ಆಟದಲ್ಲಿ ಹಿಂದೆ ತಿರುಗಲೇ ಇಲ್ಲ. ಫೋನು ಬಿಟ್ಟು ನನ್ನನ್ನೇ ನೋಡುತ್ತ ಕುಳಿತಳು. ಗುಂಡು ಬಿತ್ತು, ಅವಳು ಸತ್ತಳು, ಬೆನ್ನಿಗೇ ನಾನೂ.

"ಅತ್ತೆ, ಇನ್ನೊಂದ್ಸಲ ಹೇಳಿ," ಎಂದಳು. ಕಣ್ಣು ತುಂಬಿ ಬಂದಿತ್ತು.

ಹೇಳಿದೆ. ಅದೇ ಒಡಕು ದನಿ. ಆದರೆ ಅದನ್ನು ಕೇಳಿ ಒಬ್ಬಳು ಅಷ್ಟು ಸಂತೋಷಪಟ್ಟ ಮೇಲೆ ನಾಚಿಕೆಗೆ ಜಾಗವೆಲ್ಲಿ? ಮುಂದಿನ ವಾರ ಶಾಲೆಗೆ ಹೋದೆ. ಮಕ್ಕಳು ಮೊದಲ ದಿನ ಮುಸಿಮುಸಿ ನಕ್ಕರು. ಆಮೇಲೆ ಬೀಜಗಣಿತ ಶುರುವಾಯಿತು, ನಗು ನಿಂತಿತು.

ಸಿಂಧು ಈಗ ವಕೀಲೆ, ಬ್ಯಾಡರಹಳ್ಳಿಯಲ್ಲಿ ಮನೆ ಮಾಡಿದ್ದಾಳೆ. ಭಾನುವಾರ ಬಂದಾಗ ಮತ್ತೆ ಆಡಲು ಕುಳಿತೆವು. ನನ್ನ ದನಿ ಮರಳಿಸಿದ ಋಣವನ್ನು ಅವಳಿಗೆ ಹೇಗೆ ತೀರಿಸುವುದೋ ತಿಳಿಯದೆ ನಾನು ಒಂದೇ ಸಮನೆ ಮಾತಾಡುತ್ತಿದ್ದೆ.

"ಅತ್ತೆ, ಮೈಕ್ ಆನ್ ಇದೆ, ಸ್ವಲ್ಪ ಮೆಲ್ಲಗೆ," ಎಂದಳು ಸಿಂಧು. "ಶತ್ರುಗಳಿಗೂ ಕೇಳಿಸ್ತಾ ಇದೆ."

"ಕೇಳಿಸ್ಲಿ ಬಿಡೇ," ಎಂದೆ.