ನಾನು ತಪ್ಪಿಸಿಕೊಂಡ ವೈವಾ

2023ರಲ್ಲಿ ನಾನು ಕುವೈತಿನ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಉಪನ್ಯಾಸಕನಾಗಿದ್ದೆ. ಹಗಲು ದುಡಿದು ಸಂಜೆ ಡಿಪ್ಲೊಮಾ ಓದುವವರೇ ನಮ್ಮಲ್ಲಿ ಹೆಚ್ಚು. ಪ್ರೋಗ್ರಾಮಿಂಗ್ ತರಗತಿಯ ಇಪ್ಪತ್ತಾರು ಜನರಲ್ಲಿ ಕನ್ನಡ ಬಲ್ಲವರು ಶಶಿಕಲಾ ಒಬ್ಬರೇ. ನಾನು ಮೈಸೂರಿನವನು, ಅವರು ಕಾಪು ಕಡೆಯವರು, ಮನೆಮಾತು ತುಳು. ಜಾಬ್ರಿಯಾದ ಒಂದು ಕ್ಲಿನಿಕ್ಕಿನ ರಿಸೆಪ್ಶನ್‌ನಲ್ಲಿ ಬೆಳಗಿನ ಪಾಳಿಯಲ್ಲಿ ಒಂಬತ್ತು ವರ್ಷದಿಂದ ಇದ್ದರು.

ಕ್ಲಿನಿಕ್ಕಿನವರು ಕೌಂಟರಿಗೆ ಯಂತ್ರ ತಂದು ಜನರನ್ನು ಕಡಿಮೆ ಮಾಡುತ್ತಿದ್ದರು. ಡಿಪ್ಲೊಮಾ ಈ ಟರ್ಮಿನಲ್ಲೇ ಮುಗಿದರೆ ಶಶಿಕಲಾಗೆ ರೆಕಾರ್ಡ್ಸ್ ವಿಭಾಗದಲ್ಲಿ ಜಾಗ ಕೊಡುವುದಾಗಿ ಮ್ಯಾನೇಜರ್ ಹೇಳಿದ್ದರು. ಇಲ್ಲವಾದರೆ ಕೆಲಸ ಹೋಗುತ್ತದೆ. ಅದರ ಹಿಂದೆಯೇ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿಯೂ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು.

ಒಂದು ದಿನ ಅವರು ನನಗೆಂದು ಡಬ್ಬಿಯಲ್ಲಿ ಕೆಸುವಿನ ಎಲೆಯ ಪತ್ರೊಡೆ ತಂದರು. ಸ್ಟಾಫ್ ರೂಮಿನಲ್ಲಿ ಅದನ್ನು ಬಾಯಿ ಚಪ್ಪರಿಸಿ ತಿಂದ ಸಹೋದ್ಯೋಗಿಗಳೇ, ಈ ಸಲ ನಿಮ್ಮವರು ಪಾಸಾದಂತೆಯೇ ಬಿಡಿ ಎಂದು ನನ್ನ ಕಾಲೆಳೆದರು. ತಮಾಷೆಯೇ. ಆದರೆ ನನ್ನದು ಮೊದಲೇ ಪುಕ್ಕಲು ಸ್ವಭಾವ, ಆ ಮಾತು ತಲೆಯೊಳಗೆ ಕೊರೆಯತೊಡಗಿತು. ಅಂದಿನಿಂದ ಶಶಿಕಲಾ ಕನ್ನಡದಲ್ಲಿ ಮಾತಾಡಿಸಿದರೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದೆ.

ಟರ್ಮಿನ ಕೊನೆಯ ಅಸೈನ್‌ಮೆಂಟು, ಸರತಿಯಲ್ಲಿ ಬಂದವರಿಗೆ ಟೋಕನ್ ಕೊಡುವ ಪ್ರೋಗ್ರಾಂ. ತಿದ್ದುವಾಗ ನೋಡಿದರೆ ಶಶಿಕಲಾ ಬರೆದದ್ದೂ ಸಂದೀಪ ಬರೆದದ್ದೂ ಸಾಲಿಗೆ ಸಾಲು ಒಂದೇ. ಸಂದೀಪ ಶರ್ಕ್ ಪ್ರದೇಶದ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದ, ಇಡೀ ತರಗತಿಗೆ ಮುಂದಿದ್ದವನು. ಇಂಥ ಸಂದರ್ಭದಲ್ಲಿ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ವೈವಾ, ಅಂದರೆ ಬಾಯಿ ಪರೀಕ್ಷೆ, ನಡೆಸಬೇಕೆಂಬುದು ಕಾಲೇಜಿನ ನಿಯಮ. ಸ್ವಂತ ಬರೆದವರಿಗೆ ಪ್ರತಿ ಸಾಲಿನ ಕಾರಣ ಗೊತ್ತಿರುತ್ತದೆ, ನಕಲು ಹೊಡೆದವರಿಗೆ ಇರುವುದಿಲ್ಲ. ಅದೇ ಟರ್ಮಿನಲ್ಲಿ ಬೇರೆ ಎರಡು ಜೋಡಿಗೆ ವೈವಾ ಮಾಡಿದ್ದೆ. ಈ ಸಲ ಮಾತ್ರ, ಬಾಗಿಲು ಹಾಕಿಕೊಂಡು ಕನ್ನಡದಲ್ಲಿ ಉತ್ತರ ಹೇಳಿಕೊಟ್ಟ ಎಂದು ಯಾರಾದರೂ ಆಡಿಕೊಂಡರೆ ಎಂಬ ಭಯ ಹಿಡಿಯಿತು. ಫಾರ್ಮಿನಲ್ಲಿ ‘ವೈವಾ ಅಗತ್ಯವಿಲ್ಲ’ ಎಂದು ಬರೆದು ಶಶಿಕಲಾಗೆ ಸೊನ್ನೆ ಹಾಕಿದೆ. ಸಂದೀಪನಿಗೆ ಪೂರ್ಣ ಅಂಕ ಕೊಟ್ಟೆ. ಸೊನ್ನೆ ಬಿದ್ದದ್ದರಿಂದ ಅವರು ಆ ವಿಷಯದಲ್ಲಿ ಫೇಲಾದರು.

ಮರುದಿನ ಅವರು ನನ್ನ ಮೇಜಿನ ಮುಂದೆ ಬಂದು ನಿಂತರು.

“ಸರ್, ಅದು ನಾನೇ ಮಾಡಿದ್ದು. ಎಂತ ಬೇಕಾದ್ರೂ ಕೇಳಿ, ಹೇಳ್ತೇನೆ.”

ಫಲಿತಾಂಶ ಕಳಿಸಿಯಾಗಿದೆ ಎಂದೆ, ಇಂಗ್ಲಿಷಿನಲ್ಲೇ. ಅವರು ಹೊರಟುಹೋದರು.

ಐದು ವಾರದ ನಂತರ ರಕ್ತಪರೀಕ್ಷೆಗೆಂದು ಜಾಬ್ರಿಯಾದ ಬೇರೊಂದು ಕ್ಲಿನಿಕ್ಕಿಗೆ ಹೋದೆ. ಮಧ್ಯಾಹ್ನ ಒಂದಕ್ಕೆ ಇನ್ನೂ ಐದು ನಿಮಿಷವಿತ್ತು. ಯಂತ್ರ ಒತ್ತಿದರೆ ಟೋಕನ್ ಬರಲಿಲ್ಲ. “ಖಲಾಸ್ ಭಾಯಿ, ಸಾಡೇ ಚಾರ್ ಬಜೇ,” ಎಂದ ಕೌಂಟರಿನವನು. ಒಳಗಿದ್ದವರನ್ನು ಒಂದಕ್ಕೆ ಮುಗಿಸಬೇಕೆಂದು ಹನ್ನೆರಡು ಮುಕ್ಕಾಲಿಗೇ ಟೋಕನ್ ನಿಲ್ಲಿಸಿ, ಮತ್ತೆ ನಾಲ್ಕೂವರೆಗೆ ಶುರು ಮಾಡುತ್ತಾರಂತೆ. ಆ ಪ್ರೋಗ್ರಾಮಿನಲ್ಲೂ ಟೋಕನ್ ಹನ್ನೆರಡು ಮುಕ್ಕಾಲಿಗೆ ನಿಂತು ನಾಲ್ಕೂವರೆಗೆ ಶುರುವಾಗುತ್ತಿತ್ತು. ನಾನು ಕೊಟ್ಟ ಪ್ರಶ್ನೆಯಲ್ಲಿ ಸಮಯದ ಮಾತೇ ಇರಲಿಲ್ಲ. ಅದು ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂತವರಿಗೆ ಹೊಳೆಯುವ ಸಂಗತಿ. ಆ ಸಾಲುಗಳು ಅನಗತ್ಯವೆಂದು ಗುರುತು ಹಾಕಿದ್ದವನೂ ನಾನೇ.

ಸಂದೀಪನನ್ನು ಕರೆಸಿ, ಮುಕ್ಕಾಲಿಗೇ ಏಕೆ ನಿಲ್ಲುತ್ತದೆ ಎಂದು ಕೇಳಿದೆ. ತಡವರಿಸಿದ. ಲ್ಯಾಬಿನಲ್ಲಿ ಶಶಿಕಲಾ ಮುಚ್ಚದೆ ಬಿಟ್ಟ ಫೈಲನ್ನು ಎತ್ತಿಕೊಂಡೆ ಎಂದು ಒಪ್ಪಿಕೊಂಡ. ಇಷ್ಟಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ.

ಇಬ್ಬರ ಅಂಕವನ್ನೂ ತಿದ್ದಿಸಿ, ಹೊಸ ಅಂಕಪಟ್ಟಿ ಹಿಡಿದು ಶಶಿಕಲಾ ಅವರ ಕ್ಲಿನಿಕ್ಕಿಗೆ ಹೋದೆ. ರೆಕಾರ್ಡ್ಸ್ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಶಶಿಕಲಾ ಮುಂದಿನ ವಾರ ಊರಿಗೆ ಹೊರಡುವವರಿದ್ದರು. ನಾನು ಕ್ಷಮೆ ಕೇಳಿದೆ; ಸ್ಟಾಫ್ ರೂಮಿನ ತಮಾಷೆಯನ್ನೂ ನನ್ನ ಭಯವನ್ನೂ ಮುಚ್ಚಿಡದೆ ಹೇಳಿದೆ. ಅವರು ಅಂಕಪಟ್ಟಿಯನ್ನು ಮಡಚಿ ಬ್ಯಾಗಿನಲ್ಲಿಟ್ಟುಕೊಂಡರು.

“ನಾನು ಕನ್ನಡದವಳು ಅಲ್ಲದಿದ್ರೆ ಒಂದು ಪ್ರಶ್ನೆ ಆದ್ರೂ ಕೇಳ್ತಿದ್ರಿ ಅಲ್ವಾ ಸರ್?”

ಹೌದು ಎಂದೆ.

ನಮ್ಮವರೆಂದು ಒಬ್ಬರಿಗೆ ಹೆಚ್ಚು ಕೊಡುವುದು ಪಕ್ಷಪಾತವೆಂದು ಎಲ್ಲರಿಗೂ ಗೊತ್ತು. ನಮ್ಮವರೆಂಬ ಕಾರಣಕ್ಕೇ ಅವರಿಗೆ ಸಲ್ಲಬೇಕಾದ್ದನ್ನು ತಡೆಯುವುದೂ ಪಕ್ಷಪಾತವೇ ಎಂಬುದನ್ನು ಈ ವೃತ್ತಿ ನನಗೆ ಕಲಿಸಿತು. ಪಾಠ ಕಲಿತ ನಾನು ಅದೇ ಕಾಲೇಜಿನಲ್ಲಿ ಈಗಲೂ ಇದ್ದೇನೆ. ಕೆಲಸ ಕಳೆದುಕೊಂಡವರು ಶಶಿಕಲಾ.